ಸುಮ್ನ ಹೊಂಟೀವ್ರಿ

ನನ್ನ ತಂಗಿಯ ಮಗ ಇಂಗ್ಲೆಂಡಿನ ಶೆಫೀಲ್ಡಿನಲ್ಲಿದ್ದಾನೆ. ವಾರಕ್ಕೆ ಐದು ದಿನ ಕಂಪ್ಯೂಟರ್ ಮುಂದೆ ಕೂಡುತ್ತಾನೆ, ಉಳಿದೆರಡು ದಿನ ಗುಡ್ಡ ಅಲೆಯುತ್ತಾನೆ. ಭಾನುವಾರ ರಾತ್ರಿಯಾದರೆ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಫೋಟೊ ಬಂದು ಬೀಳುತ್ತವೆ: ಹಸಿರು ಗುಡ್ಡ, ಕಲ್ಲಿನ ಪೌಳಿ, ನಾಲ್ಕು ಕುರಿ, ಮೋಡ. ಮುಂದಿನ ವಾರ ಮತ್ತೆ ಅದೇ ಗುಡ್ಡ, ಅದೇ ಪೌಳಿ, ಅದೇ ಮೋಡ. ಕುರಿ ಮಾತ್ರ ಐದು. 'ಕುರಿ ನೋಡಾಕ ಅಷ್ಟ ದೂರ ಹೋಗಬೇಕಿತ್ತೇನೋ?' ಎಂದು ನನ್ನ ತಂಗಿ ಒಮ್ಮೆ ಬರೆದಿದ್ದಳು. ಅದಕ್ಕೆ ಅವನು ಕೈ ಮುಗಿದ ಚಿತ್ರ ಕಳಿಸಿ ಸುಮ್ಮನಾದ.

ಕಳೆದ ಜನವರಿಯಲ್ಲಿ ಊರಿಗೆ ಬಂದವನು ಮರುದಿನ ಬೆಳಿಗ್ಗೆಯೇ ಕೇಳಿದ: 'ಮಾಮಾ, ಇಲ್ಲಿ ವಾಕ್ ಮಾಡಾಕ ಚಲೋ ಜಾಗಾ ಯಾವ್ಯಾವ ಅದಾವ?'

ಪ್ರಶ್ನೆ ಸಣ್ಣದು. ಆದರೆ ನಾನು ಚಿಕ್ಕೋಡಿ ತಾಲ್ಲೂಕಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಭೂಗೋಳ ಕಲಿಸಿ ನಿವೃತ್ತನಾದ ಮಾಸ್ತರ. ಕೃಷ್ಣೆ ಮಹಾಬಳೇಶ್ವರದಲ್ಲಿ ಹುಟ್ಟುತ್ತಾಳೆ, ವೇದಗಂಗೆ ದೂಧಗಂಗೆಯನ್ನೂ ದೂಧಗಂಗೆ ಕೃಷ್ಣೆಯನ್ನೂ ಸೇರುತ್ತವೆ ಎಂದು ಕರಿಹಲಗೆಯ ಮೇಲೆ ಗೆರೆ ಎಳೆದು ಎಳೆದು ಸೀಮೆಸುಣ್ಣ ಸವೆಸಿದವನು. ಅದೇ ಕೃಷ್ಣೆ ನಮ್ಮ ಮನೆಯಿಂದ ನಾಲ್ಕು ಕಿಲೋಮೀಟರಿನಲ್ಲಿ ಹರಿಯುತ್ತಾಳೆ. ಅಲ್ಲಿಗೆ ನಾನು ಒಂದು ದಿನವೂ ನಡೆದು ಹೋದವನಲ್ಲ. ಇದನ್ನು ಅಳಿಯನ ಮುಂದೆ ಒಪ್ಪಿಕೊಳ್ಳುವುದು ಹೇಗೆ? 'ಬೇಕಾದಷ್ಟ ಅದಾವಪಾ. ನಾಳೆ ನಸಿಕಿನ್ಯಾಗ ನದೀಗಿ ಹೋಗೂಣು' ಅಂದುಬಿಟ್ಟೆ.

ನಸುಕಿನಲ್ಲಿ ಅವನು ತಯಾರಾಗಿ ನಿಂತದ್ದು ನೋಡಿದರೆ ಹಿಮಾಲಯಕ್ಕೆ ಹೊರಟ ಹಾಗಿತ್ತು. ಕಾಲ್ಮಡದ ಮೇಲಿನವರೆಗೆ ಬರುವ ಬೂಟು, ಬೆನ್ನಿಗೆ ಚೀಲ, ಚೀಲದಿಂದ ಬಾಯಿಗೆ ನೀರಿನ ನಳಿಕೆ, ಕೈಯಲ್ಲಿ ಮಡಚುವ ಕೋಲು. ನನ್ನ ಕಾಲಲ್ಲಿ ಅಥಣಿಯ ಚಪ್ಪಲಿ. ಹೆಸರು ಕೊಲ್ಹಾಪುರಿಯಾದರೂ ಹೊಲಿಯುವ ಕೈಗಳು ಅಥಣಿ, ನಿಪ್ಪಾಣಿ ಕಡೆಯವೂ ಹೌದು. 2019ರಲ್ಲಿ ಕೊಟ್ಟ ಭೌಗೋಳಿಕ ಗುರುತಿನಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ಹೆಸರೂ ಇದೆ. ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದ ಮಾಡಿದ ತೊಗಲು. ಹೊಲಿಗೆಯೂ ತೊಗಲಿನ ದಾರದ್ದೇ, ಒಂದು ಮೊಳೆ ಇಲ್ಲ. ಹೆಜ್ಜೆಗೊಮ್ಮೆ ಕರ್ರ್ ಕರ್ರ್ ಅನ್ನುತ್ತದೆ. 'ಮಾಮಾ, ಈ ಸಪ್ಪಳಕ್ಕ ಹಕ್ಕಿ ಎಲ್ಲಾ ಹಾರಿ ಹೋಗ್ತಾವು' ಅಂದ. ಹಾವೂ ಹೋಗುತ್ತವೆ ಅಂದೆ. ಆಮೇಲೆ ಅವನು ಚಪ್ಪಲಿಯ ಮಾತೆತ್ತಲಿಲ್ಲ.

ಊರ ಅಗಸಿ ದಾಟಿದ್ದೇ ತಡ, ಮೊದಲ ಬೈಕು ನಿಂತಿತು.

'ಮಾಸ್ತರ, ಗಾಡಿ ಕೆಟ್ಟೈತೇನ್ರಿ? ಕುಂದರ್ರಿ, ಬಿಡ್ತೀನಿ.'

'ಬ್ಯಾಡಪಾ. ಸುಮ್ನ ನಡ್ಕೊಂತ ಹೊಂಟೀವಿ.'

'ಸುಮ್ನ ಅಂದ್ರ?'

ಇದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅವನು ಒಮ್ಮೆ ಅಳಿಯನ ಕೋಲು ನೋಡಿದ, ಒಮ್ಮೆ ನನ್ನ ಮುಖ ನೋಡಿದ, ದನಿ ಇಳಿಸಿ 'ಮನ್ಯಾಗ ಏನರ ಮಾತ ಬಂದೈತೇನ್ರಿ?' ಅಂದ. ಇಲ್ಲವೆಂದು ಆಣೆ ಮಾಡಿ ಕಳಿಸಿದೆ. ಒಂದು ಕಿಲೋಮೀಟರಿನಲ್ಲಿ ಹೀಗೆ ಆರು ಬೈಕು, ಹಾಲಿನ ಒಂದು ಟೆಂಪೊ, ಕಬ್ಬು ತುಂಬಿದ ಎರಡು ಡಬ್ಬಿಯ ಟ್ರ್ಯಾಕ್ಟರ್ ಒಂದು. ಟ್ರ್ಯಾಕ್ಟರಿನವನು ಹಾಡಿನ ಅಬ್ಬರ ತಗ್ಗಿಸಿ ಕರೆದನೆಂದರೆ ಅದು ದೊಡ್ಡ ಮರ್ಯಾದೆಯೇ. ಇಂಗ್ಲೆಂಡಿನಲ್ಲಿ ನಡೆಯುವವರಿಗೆ ಮಳೆಯ ಕಾಟವಂತೆ. ನಮ್ಮಲ್ಲಿ ನಡೆಯಬಿಡದಿರುವುದು ಜನರ ಒಳ್ಳೇತನ.

ದಾರಿಯುದ್ದಕ್ಕೂ ಅಳಿಯ ಅಲ್ಲಿಯ ಕತೆ ಹೇಳಿದ. ಅಲ್ಲಿಯ ಗುಡ್ಡಗಳೆಲ್ಲ ಒಂದು ಕಾಲಕ್ಕೆ ಜಮೀನ್ದಾರರು ಹಕ್ಕಿ ಬೇಟೆಗೆ ಕಾದಿಟ್ಟುಕೊಂಡ ಜಾಗ, ಬಡವರು ಕಾಲಿಡುವಂತಿರಲಿಲ್ಲ. 1932ರ ಏಪ್ರಿಲ್‌ನಲ್ಲಿ ಮ್ಯಾಂಚೆಸ್ಟರ್ ಕಡೆಯ ದುಡಿಯುವ ಹುಡುಗರು ನೂರಾರು ಮಂದಿ ಒಟ್ಟಾಗಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ನುಗ್ಗಿದರು. ಕಾವಲುಗಾರರೊಡನೆ ಕೈ ಕೈ ಮಿಲಾಯಿಸಿತು, ಐವರಿಗೆ ಜೈಲಾಯಿತು. ಅದಾಗಿ ಹತ್ತೊಂಬತ್ತು ವರ್ಷಕ್ಕೆ, 1951ರಲ್ಲಿ, ಅದೇ ಸೀಮೆ ಆ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ನನಗೆ ನೆನಪಾದದ್ದು ದಂಡಿ. 1930ರಲ್ಲಿ ಗಾಂಧೀಜಿ ಅಲ್ಲಿಗೆ ನಡೆದು ಹೋದ ಮೇಲೆ ಹಿಡಿದು ಒಳಗೆ ಹಾಕಿದವರೂ ಇವರೇ ಅಲ್ಲವೇ? ನಡೆಯುವವರನ್ನು ಕಂಡರೆ ಆ ಸರಕಾರಕ್ಕೆ ಊರಲ್ಲೂ ಸಿಟ್ಟು, ಪರವೂರಲ್ಲೂ ಸಿಟ್ಟು.

ಈಗ ಅಲ್ಲಿ ಖಾಸಗಿ ಹೊಲದ ನಡುವೆ ಹಾಯ್ದರೂ ಕಾಲುದಾರಿ ಸಾರ್ವಜನಿಕರದ್ದೇ. ಪೌಳಿ ಅಡ್ಡ ಬಂದಲ್ಲಿ ಹತ್ತಿಳಿಯಲು ಮೆಟ್ಟಿಲು. ದನ ದಾಟದಂತೆ, ಮನುಷ್ಯ ಮಾತ್ರ ನುಸುಳುವಂತೆ ಒಂದು ಬಗೆಯ ಗೇಟು. ಅದರ ಹೆಸರು 'ಕಿಸ್ಸಿಂಗ್ ಗೇಟ್' ಅಂತೆ. ಇದನ್ನು ಮಾತ್ರ ನಿಮ್ಮ ಅತ್ತಿ ಮುಂದ ಹೇಳಬ್ಯಾಡ ಅಂದೆ.

ನನಗೂ ಹುರುಪು ಬಂತು. 'ನಮ್ಮಲ್ಲಿ ಇಲ್ಲಂತ ತಿಳಿದಿಯೇನು? ನಕಾಶೆ ಕಂಡ ದಾರಿ ಅಂತ ಐತಿ' ಎಂದು ಕಿಸೆಯಿಂದ ಗ್ರಾಮ ನಕಾಶೆಯ ಝೆರಾಕ್ಸ್ ತೆಗೆದೆ. ಗಾಡಿ ದಾರಿಗೆ ಜೋಡಿ ಚುಕ್ಕೆಗೆರೆ, ಕಾಲುದಾರಿಗೆ ಒಂಟಿ. ನಮ್ಮೂರಿಂದ ಹೊಳೆಯವರೆಗೆ ಒಂಟಿ ಚುಕ್ಕೆಗೆರೆ ಇರುವೆ ಸಾಲಿನಂತೆ ಸಾಗಿತ್ತು. ಅದನ್ನೇ ಹಿಡಿದು ನಡೆದೆವು. ಇನ್ನೂರು ಹೆಜ್ಜೆಗೆ ಇರುವೆ ಸಾಲು ಕಬ್ಬಿನೊಳಗೆ ಹೊಕ್ಕಿತು.

ಎರಡಾಳೆತ್ತರದ ಕಬ್ಬು. ಒಳಗೆ ಹೋದವನಿಗೆ ಪೂರ್ವವೂ ಕಬ್ಬು, ಪಶ್ಚಿಮವೂ ಕಬ್ಬು. ಕಾಲಡಿ ರವದಿ ಸರಬರ ಅನ್ನುತ್ತದೆ. ಗರಿಯ ಅಂಚು ಕಿವಿಯ ತುದಿಗೆ, ಮೊಣಕೈಗೆ ಕೂದಲೆಳೆಯಷ್ಟು ಸಣ್ಣಗೆ ಕೊಯ್ಯುತ್ತದೆ, ಬೆವರು ತಾಗಿದಾಗಲೇ ಗೊತ್ತಾಗುವುದು. ಅಳಿಯನ ಬೂಟು ಕೆಳಗಿನಿಂದ ಕಾದಿತು, ಮುಖ ಕಾಯಲು ಯಾವ ಕಂಪನಿಯೂ ಏನೂ ಮಾಡಿರಲಿಲ್ಲ. ಅಷ್ಟರಲ್ಲಿ ನನಗೆ, ವಾಟ್ಸಾಪಿನಲ್ಲಿ ಯಾರೋ ಕಬ್ಬಿನಲ್ಲಿ ಚಿರತೆ ಕಂಡಿದೆ ಎಂದು ಹಾಕಿದ್ದು ನೆನಪಾಯಿತು. ಪ್ರತಿ ವರ್ಷ ಅದೇ ಚಿರತೆ, ಅದೇ ಫೋಟೊ, ಊರ ಹೆಸರು ಮಾತ್ರ ಬೇರೆ. ಆದರೂ ಕಬ್ಬಿನ ಹೊರಗೆ ಕೂತು ನಗುವುದೇ ಬೇರೆ, ಒಳಗೆ ನಿಂತು ನಗುವುದೇ ಬೇರೆ.

ಎದುರಿಗೆ ಸರಬರ ಸಪ್ಪಳವಾಯಿತು. ಅಳಿಯ ಕೋಲು ಎತ್ತಿದ. ಬಂದದ್ದು ಹೊಲದ ಯಜಮಾನ, ಹೆಗಲ ಮೇಲೆ ಸಲಿಕೆ.

'ಯಾರ್ರಿ ಅವರ?' ಎಂದವನ ಕಣ್ಣು ನನ್ನ ಕೈಯ ನಕಾಶೆಯ ಮೇಲೆ ನೆಟ್ಟಿತು. ಮುಖ ಬಿಗಿಯಿತು. 'ಮೋಜಣಿಗಿ ಬಂದೀರೇನು?'

ನಮ್ಮ ಕಡೆ ಹೊಲದಲ್ಲಿ ಹಾವು ಕಂಡರೆ ಒಂದಿಷ್ಟು ಅಂಜುತ್ತಾರೆ, ನಕಾಶೆ ಕಂಡರೆ ಪೂರಾ ಅಂಜುತ್ತಾರೆ. ರಸ್ತೆಗೆ ಹೋಗುತ್ತದೋ, ಕಾಲುವೆಗೆ ಹೋಗುತ್ತದೋ? ಚಿಕ್ಕೋಡಿ ಜಿಲ್ಲೆಯಾಗಬೇಕೆಂಬ ಬೇಡಿಕೆ ದಶಕಗಳದ್ದು. ಕೊನೆಗೂ ಆಯಿತೆಂದೂ ಕಚೇರಿ ಕಟ್ಟಲು ಅಳೆಯಲು ಬಂದಿದ್ದಾರೆಂದೂ ಅವನು ಎಣಿಸಿರಬೇಕು. 'ಅಲ್ಲಪಾ, ಸುಮ್ನ ಹೊಳಿಗಿ ಹೊಂಟೀವಿ. ಇಲ್ಲೊಂದ ಹಾದಿ ಇತ್ತಲ್ಲ?' ಅಂದೆ. ಅಷ್ಟರಲ್ಲಿ ಅವನಿಗೆ ನನ್ನ ಗುರುತು ಹತ್ತಿತು. ಏಳನೆಯ ಇಯತ್ತೆಯಲ್ಲಿ ನನ್ನ ಕೈಯಿಂದ ಹೊಡೆತ ತಿಂದವನಂತೆ. ಅದೂ ನಕಾಶೆಯಲ್ಲಿ ಕೃಷ್ಣೆಯನ್ನು ತಪ್ಪು ತೋರಿಸಿದ್ದಕ್ಕೆ!

'ಇತ್ತರಿ ಸರ್. ನಮ್ಮಜ್ಜನ ಕಾಲದಾಗ ಮಂದಿ ಇದ ಹಾದೀಲೆ ಯಡೂರ ವೀರಭದ್ರ ದೇವರಿಗಿ ನಡ್ಕೊಂತ ಹೋಗ್ತಿದ್ರು. ಈಗ ಎಲ್ಲಾರೂ ಗಾಡಿಮ್ಯಾಲ ಹೋಗ್ತಾರ. ಯಾರೂ ಬರಂಗಿಲ್ಲಂತ ನಾಕ ಸಾಲ ಕಬ್ಬ ಹಚ್ಚೀನಿ' ಅಂದ. ತಪ್ಪೊಪ್ಪಿಗೆಯೋ ದೂರೋ ತಿಳಿಯಲಿಲ್ಲ. ಎರಡು ಜಲ್ಲೆ ಕಡಿದು ಕೈಗಿತ್ತು, ತಾನೇ ಮುಂದಾಗಿ ಹೊಳೆಯ ದಂಡೆಯವರೆಗೆ ದಾರಿ ತೋರಿಸಿದ. ಅಲ್ಲಿ 'ನೀರಿಗಿ ಇಳೀಬ್ಯಾಡ್ರಿ, ಮಸಳಿ ಅದಾವ' ಎಂದು ಎಚ್ಚರಿಕೆ ಕೊಟ್ಟು ಮೋಟಾರು ಚಾಲೂ ಮಾಡಲು ಹೋದ.

ಜನವರಿಯ ಕೃಷ್ಣೆ ಅಲುಗದೆ ಮಲಗಿದ್ದಳು. ಮಂಜು ನೀರಿನ ಮೇಲೆ ಗೇಣೆತ್ತರ ನಿಂತಿತ್ತು. ಮೋಟಾರಿನ ಪೈಪೊಂದರ ಮೇಲೆ ಮಿಂಚುಳ್ಳಿ. ನಾವಿಬ್ಬರೂ ಕಬ್ಬು ಸಿಗಿಯುತ್ತ ಅರ್ಧ ತಾಸು ಮಾತಿಲ್ಲದೆ ಕೂತೆವು. ಈ ನದಿಯನ್ನು ನೋಡಲು ನಾನು ಬರುತ್ತಿದ್ದದ್ದು ಮಳೆಗಾಲದಲ್ಲಿ, ಕಲ್ಲೋಳ-ಯಡೂರ ಸೇತುವೆ ಮುಳುಗಿದಾಗ ಮಾತ್ರ. ಅದು ನಮ್ಮ ಸೀಮೆಯ ಪ್ರವಾಸೋದ್ಯಮ: ಮುಳುಗಿದ ಸೇತುವೆಯ ಈಚೆ ದಂಡೆಯಲ್ಲಿ ಬೈಕು ಸಾಲುಗಟ್ಟಿ, ಸುಟ್ಟ ಗೊಂಜಾಳ ತೆನೆ ಕಡಿಯುತ್ತ ಸೆಲ್ಫಿ. 2019ರಲ್ಲಿ ಮನೆಯೊಳಗೇ ನೀರು ಹೊಕ್ಕವರು ಹಾಗೆ ನೋಡಲು ಬರುವುದಿಲ್ಲ. ತೆನೆ ಕಡಿಯುವಾಗ ನನಗದು ಹೊಳೆದಿರಲಿಲ್ಲ.

ಮುಂದಿನ ಭಾನುವಾರ ನಿಪ್ಪಾಣಿಗೆ ಹೋಗಿ ತವಂದಿ ಘಾಟಿನ ಗುಡ್ಡ ಹತ್ತಿದೆವು, ಸ್ತವನಿಧಿಯ ಬಸದಿಗೂ ಹೋಗಿ ಬಂದೆವು. ಅಲ್ಲಿ ಯಾರೂ ಏನೂ ಕೇಳಲಿಲ್ಲ. ದೇವರಿಗೆ ಬಂದವರೆಂದು ತಿಳಿದರು. ನಮ್ಮ ಕಡೆ ನಡೆಯಲು ಕಾರಣಗಳಿರುವುದೇ ಎರಡು. ಒಂದು ಹರಕೆ: ಯುಗಾದಿಗೆ ಶ್ರೀಶೈಲಕ್ಕೆ, ಆಷಾಢಕ್ಕೆ ಪಂಢರಪುರಕ್ಕೆ, ಭಾರತ ಹುಣ್ಣಿಮೆಗೆ ಚಿಂಚಲಿ ಮಾಯಕ್ಕನಿಗೆ. ನೂರಾರು ಮೈಲಿ ಬರಿಗಾಲಲ್ಲಿ ನಡೆಯುವವರನ್ನು ಯಾರೂ ತಡೆದು ಬೈಕು ಹತ್ತಿಸುವುದಿಲ್ಲ, ಕಾಲಿಗೆ ಬೀಳುತ್ತಾರೆ. ಇನ್ನೊಂದು ಕಾರಣ ಶುಗರ್. ಉಗಾರದಿಂದ ಹಿಡಿದು ಎತ್ತ ನೋಡಿದರೂ ಸಕ್ಕರೆ ಕಾರ್ಖಾನೆ ಇರುವ ಸೀಮೆಯಲ್ಲಿ ಅದಕ್ಕೇನು ಬರ?

ಅಳಿಯ ಶೆಫೀಲ್ಡಿಗೆ ಮರಳಿದ. ನನಗೆ ಚಟ ಅಂಟಿತು. ದಿನಾ ನಸುಕಿನಲ್ಲಿ ಹೊಳೆಗೆ ಹೋಗಿ ಬರುತ್ತೇನೆ. ಹೊಲದವನು ಎರಡು ಸಾಲು ಕಬ್ಬು ಕಿತ್ತು ದಾರಿ ಬಿಟ್ಟಿದ್ದಾನೆ, ಇನ್ನೆರಡು ಸಾಲು ಕೇಳಲು ನನಗೆ ಧೈರ್ಯವಿಲ್ಲ. ಬೈಕುಗಳು ಈಗ ನಿಲ್ಲುವುದಿಲ್ಲ. ತಿಂಗಳೊಳಗೇ ಊರು ತೀರ್ಮಾನಕ್ಕೆ ಬಂತು: ಪಾಪ, ಮಾಸ್ತರಗ ಶುಗರ್ ಬಂದೈತಿ. ಒಬ್ಬರು ನೇರಳೆ ಬೀಜದ ಪುಡಿ ಕೊಟ್ಟರು, ಇನ್ನೊಬ್ಬರು ಮನೆಗೇ ಹಾಗಲಕಾಯಿ ಕಳಿಸಿದರು, ಚಾದ ಅಂಗಡಿಯವನು ಕೇಳದೆಯೇ ಸಕ್ಕರೆ ಬಿಟ್ಟು ಚಾ ಕೊಡುತ್ತಾನೆ. ಮೊದಮೊದಲು ಅಲ್ಲವೆಂದು ಜಗಳವಾಡಿದೆ, ಈಗ ಬಿಟ್ಟಿದ್ದೇನೆ.

ಮೊನ್ನೆ ಚಿಕ್ಕೋಡಿಗೆ ಹೋಗಿ ರಕ್ತ ತಪಾಸಣೆ ಮಾಡಿಸಿದೆ. ಖಾಲಿ ಹೊಟ್ಟೆಯಲ್ಲಿ 92. ಊರಲ್ಲಿ ಯಾರಿಗೂ ಹೇಳಿಲ್ಲ, ನೀವೂ ಹೇಳಬೇಡಿ.