ತಿದ್ದುಪಡಿಯ ಮುಹೂರ್ತ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಕಟ್ಟಿದ ನಮ್ಮ ಪೂರ್ವಿಕರಿಗೆ, ಆಡಿದ ಮಾತನ್ನು ಅರ್ಧ ದಾರಿಯಿಂದ ಹಿಂದಕ್ಕೆ ಕರೆದು, ಮುಖ ತೊಳೆಸಿ, ತಲೆ ಬಾಚಿ, ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಕಳುಹಿಸಬಹುದಾದ ಕಾಲವೊಂದು ಒದಗೀತೆಂಬ ಕಲ್ಪನೆ ಇದ್ದಿರಲಾರದು. 2023ರಲ್ಲಿ ವಾಟ್ಸಾಪ್ ಈ ವರವನ್ನು ಲೋಕಕ್ಕೆ ಕರುಣಿಸಿತು. ಕಳುಹಿಸಿದ ಸಂದೇಶವನ್ನು 15 ನಿಮಿಷಗಳವರೆಗೆ ತಿದ್ದಬಹುದು; ತಿದ್ದಿದೆಯೆಂಬುದಕ್ಕೆ ಸಣ್ಣದೊಂದು ಗುರುತು ಪಕ್ಕದಲ್ಲಿ ಉಳಿಯುತ್ತದೆ; ಮೊದಲು ಅಲ್ಲಿ ಏನಿತ್ತೆಂಬುದು ಮಾತ್ರ ಕಾಣಿಸದು. ಹದಿನಾರನೆಯ ನಿಮಿಷದಿಂದ ಅದು ಶಿಲಾಶಾಸನ. ವಿಚಿತ್ರವೆಂದರೆ, ಸಂದೇಶವನ್ನು ಸಮೂಲವಾಗಿ ಅಳಿಸಿಹಾಕುವವನಿಗೆ ಎರಡು ದಿನಗಳಿಗೂ ಮೀರಿದ ಅವಧಿಯುಂಟು. ತಿದ್ದುವ ಸಜ್ಜನನಿಗೆ ಕಾಲು ಗಂಟೆ ಮಾತ್ರ.

ಈ ಪಕ್ಷಪಾತದ ಮರ್ಮ ನನಗೆ ಹೊಳೆದದ್ದು ನಮ್ಮ ಬೀದಿಯ ಗುಂಪಿನಲ್ಲಿ. ಖಜಾನೆಯಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾಗಿ, ಬಂದ ಲಕೋಟೆಯನ್ನು ಬಿಡಿಸಿ ಒಳಮೈ ಹೊರಗಾಗಿಸಿ ಅಂಟಿಸಿ ಮತ್ತೊಮ್ಮೆ ಟಪಾಲಿಗೆ ಹಾಕುವ ಮಿತವ್ಯಯವನ್ನೇ ಜೀವನಧರ್ಮವಾಗಿ ಉಳ್ಳ ಹಿರಿಯರೊಬ್ಬರು ಅಲ್ಲಿದ್ದಾರೆ. ಒಂದು ಭಾನುವಾರ ಬೆಳಿಗ್ಗೆ ಅವರು, “ನಮ್ಮ ಟಾಮಿ ಗೇಟು ದಾಟಿ ಎಲ್ಲೋ ಹೋಗಿದೆ, ಕಂಡವರು ದಯವಿಟ್ಟು ತಿಳಿಸಿ” ಎಂದು ಬರೆದರು. ಬೀದಿಯ ಔದಾರ್ಯ ತತ್‌ಕ್ಷಣ ಉಕ್ಕಿತು. “ಯೋಚನೆ ಮಾಡಬೇಡಿ ಸಾರ್, ಹಸಿವಾದರೆ ತಾನೇ ಬರುತ್ತೆ” ಎಂದರೊಬ್ಬರು. “ಕಾರ್ಪೊರೇಷನ್ ವ್ಯಾನಿನವರು ಹಿಡ್ಕೊಂಡು ಹೋಗಿರಬಹುದು” ಎಂದರು ಇನ್ನೊಬ್ಬರು. “ಕಂಡರೆ ಬಿಸ್ಕತ್ತು ತೋರಿಸಿ ಕಟ್ಟಿಹಾಕಿರ್ತೀನಿ” ಎಂದು ಮೂರನೆಯವರು ಅಭಯವಿತ್ತರು. ಅಷ್ಟರಲ್ಲಿ ಟಾಮಿ ಮಹಡಿ ಮೆಟ್ಟಿಲ ಕೆಳಗೆ ಸಿಕ್ಕಿತು. ಅದೇ ಹೊತ್ತಿಗೆ ಮೈಸೂರಿನಿಂದ ಅಳಿಯಂದಿರು ಬಂದಿಳಿದರು. ಒಂದು ಸಂದೇಶ ಕೈಯಲ್ಲಿರುವಾಗ ಇನ್ನೊಂದನ್ನು ವೃಥಾ ವ್ಯಯಮಾಡುವುದು ಸಲ್ಲದೆಂದು ಬಗೆದ ಹಿರಿಯರು, ಹಳೆಯದನ್ನೇ ತಿದ್ದಿ, “ನಮ್ಮ ಅಳಿಯಂದಿರು ಬಂದಿದ್ದಾರೆ, ಸಂಜೆ ಎಲ್ಲರೂ ಕಾಫಿಗೆ ಬರಬೇಕು” ಎಂದು ಮಾಡಿದರು. ಕೆಳಗಿನ ಮೂರು ಉತ್ತರಗಳು ಇದ್ದಲ್ಲಿಯೇ ಇದ್ದುವು. ಮಾವನವರ ಫೋನಿನಲ್ಲಿ ಅವನ್ನೆಲ್ಲ ಓದಿದ ಅಳಿಯಂದಿರು, ಸಂಜೆ ಕಾಫಿಯೊಡನೆ ಬಂದ ಬಿಸ್ಕತ್ತಿನ ತಟ್ಟೆಯನ್ನು ಮುಟ್ಟಲಿಲ್ಲ.

ವಿಚಾರಿಸಿ ನೋಡಿದರೆ, ಹಳೆಯ ಮಾತನ್ನು ತಿದ್ದುವುದರಿಂದ ಆಡಿದವನಿಗಾಗುವ ಲಾಭಕ್ಕಿಂತ, ಅದನ್ನು ನಂಬಿ ಉತ್ತರವಿತ್ತವನಿಗಾಗುವ ಹಾನಿಯೇ ದೊಡ್ಡದು. ಅಳಿಸಿದವನು ಅಳಿಸಿದ್ದೇನೆಂಬ ಒಂದು ಸಾಲನ್ನಾದರೂ ಬಿಟ್ಟುಹೋಗುತ್ತಾನೆ. ತಿದ್ದಿದವನು ವೇಷ ಬದಲಿಸಿ ಅದೇ ಪೀಠದಲ್ಲಿ ಕುಳಿತಿರಲು, ಉತ್ತರಿಸಿದ ಬಡಪಾಯಿ ಸಭೆಯ ನಡುವೆ ಬುದ್ಧಿಭ್ರಮಣೆಯಾದವನಂತೆ ನಿಲ್ಲುತ್ತಾನೆ.

ಈ ಸೂಕ್ಷ್ಮವನ್ನು ನಮ್ಮ ಕಾನೂನು ಎಂದೋ ಕಂಡುಕೊಂಡಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೇರೆಗೆ, ತೀರ್ಪಿನಲ್ಲಿ ಬರವಣಿಗೆಯ ತಪ್ಪೋ ಕೂಡಿ ಕಳೆಯುವ ತಪ್ಪೋ ನುಸುಳಿದ್ದರೆ ಯಾವಾಗ ಬೇಕಾದರೂ ಸರಿಪಡಿಸಬಹುದು. ಆದರೆ ನ್ಯಾಯಾಧೀಶರು ಸಹಿ ಹಾಕಿದ ತೀರ್ಪಿನ ತಿರುಳನ್ನು ಮಾರ್ಪಡಿಸಬೇಕಾದರೆ ಪುನರ್ವಿಮರ್ಶೆಯ ದಾರಿಯನ್ನೇ ಹಿಡಿಯತಕ್ಕದ್ದು. ಅದೇ ವರ್ಷದ ನೋಂದಣಿ ಕಾಯಿದೆಯಂತೆ, ಕ್ರಯಪತ್ರದಲ್ಲಿ ಒಂದು ಪದವನ್ನು ಹೊಡೆದುಹಾಕಿದರೂ, ಸಾಲುಗಳ ನಡುವೆ ಒಂದನ್ನು ತುರುಕಿದರೂ ಬರೆದುಕೊಟ್ಟವರ ಸಹಿ ಬೇಕು. ಇಲ್ಲವಾದರೆ ಸಬ್‌ರಿಜಿಸ್ಟ್ರಾರರು ಪತ್ರವನ್ನು ಹಿಂದಿರುಗಿಸಬಹುದು. ಅರ್ಥಾತ್, ಕೈ ತಪ್ಪಿದ್ದಕ್ಕೆ ಕ್ಷಮೆಯುಂಟು. ಮನಸ್ಸು ಬದಲಾದದ್ದಕ್ಕೆ ಬೇರೆ ಕಾಗದ ಬೇಕು.

ಓಲೆಗರಿಯ ಕಾಲದಲ್ಲಿ ಈ ಧರ್ಮವನ್ನು ಕಂಟವೇ ಕಾಯುತ್ತಿದ್ದಿತು. ಕೊರೆದ ಅಕ್ಷರ ಅಳಿಯುವಂತಿರಲಿಲ್ಲ. ಬಿಟ್ಟುಹೋದುದನ್ನು ಹಂಸಪಾದವಿಟ್ಟು, ನಾಲ್ಕು ಜನಕ್ಕೆ ಕಾಣುವಂತೆಯೇ ಸೇರಿಸಬೇಕಾಗಿತ್ತು. ಗದುಗಿನ ನಾರಣಪ್ಪನಂತೂ, ಹಲಗೆ ಬಳಪಗಳನ್ನು ಹಿಡಿಯದೆ, ಒಮ್ಮೆ ಇಟ್ಟ ಪದವನ್ನು ಅಳಿಸದೆ ಬರೆಯುವುದೇ ತನ್ನ ಹೆಗ್ಗಳಿಕೆಯೆಂದು ಭಾರತದ ಪೀಠಿಕೆಯಲ್ಲಿ ಸಾರಿಕೊಂಡ ಧೀರ. ಕವಿ ವೀರನಾರಾಯಣ, ತಾನು ಬರಿಯ ಲಿಪಿಕಾರನೆಂದೂ ಅವನೇ ಹೇಳಿಕೊಂಡಿರುವುದರಿಂದ, ತಪ್ಪೇನಾದರೂ ಉಳಿದಿದ್ದರೆ ಯಾರನ್ನು ಕೇಳಬೇಕೆಂಬುದೂ ಮೊದಲೇ ಇತ್ಯರ್ಥವಾಗಿತ್ತು. ಬೀದಿಯ ಗುಂಪಿಗೆ ಬರೆಯುವ ನಮಗೆ ಆ ಸೌಕರ್ಯವಿಲ್ಲ.

ಆದರೂ ಗಡುವನ್ನೇ ತೆಗೆದುಹಾಕಬೇಕೆಂದು ಕೆಲವು ಮಿತ್ರರು ವಾದಿಸುತ್ತಾರೆ. ಹಾಗಾದರೆ ಒದಗುವ ಅನರ್ಥವನ್ನು ಅವರು ಎಣಿಸಿದಂತಿಲ್ಲ. ಮತ ಎಣಿಕೆಯ ಹಿಂದಿನ ರಾತ್ರಿ ಯಾವ ಪಕ್ಷಕ್ಕೆ ಎಷ್ಟು ಸ್ಥಾನವೆಂದು ಖಂಡಿತವಾಗಿ ಬರೆದವರು, ಫಲಿತಾಂಶ ಬಂದ ಸಂಜೆ ಸದ್ದಿಲ್ಲದೆ ಅಂಕಿಗಳನ್ನು ತಿದ್ದಿಕೊಂಡು ಕುಳಿತರೆ, ಬೀದಿಗೆ ಹತ್ತು ಮಂದಿ ತ್ರಿಕಾಲಜ್ಞಾನಿಗಳು ಉದ್ಭವಿಸುವುದು ನಿಶ್ಚಯ. ಆ ಪದವಿಗೆ ಹಾತೊರೆಯುವವರು ನಮ್ಮ ಗುಂಪಿನಲ್ಲಿ ಈಗಲೇ ಬೇಕಾದಷ್ಟು ಮಂದಿ ಇದ್ದಾರೆ; ಅವರ ಹಳೆಯ ಸಂದೇಶಗಳು ಬರೆದಂತೆಯೇ ಉಳಿದಿರುವುದರಿಂದ ಮಾತ್ರ ಅವರನ್ನು ಸಹಿಸುವುದು ಸಾಧ್ಯವಾಗಿದೆ.