ಒಂಬತ್ತನೆಯ ನಾಯಿಕೆ: ಅಜ್ಞಾತಮಾಯಾ ಪ್ರಕರಣ

ಭರತಮುನಿಯ ನಾಟ್ಯಶಾಸ್ತ್ರದಲ್ಲಿ ನಾಯಿಕೆಯರು ಎಂಟು ಬಗೆ. ಸಿಂಗರಿಸಿಕೊಂಡು ಕಾಯುವವಳೊಬ್ಬಳು, ಜಗಳವಾಡಿ ಓಡಿಸಿಬಿಟ್ಟು ಆಮೇಲೆ ಕೊರಗುವವಳೊಬ್ಬಳು, ಗಂಡ ಪರವೂರಿಗೆ ಹೋದವಳೊಬ್ಬಳು, ಕತ್ತಲಲ್ಲಿ ತಾನೇ ಹುಡುಕಿಕೊಂಡು ಹೊರಟವಳೊಬ್ಬಳು, ಹೀಗೆ. ಸ್ವಾಧೀನಪತಿಕೆಯನ್ನು ಬಿಟ್ಟರೆ ಉಳಿದ ಏಳು ಮಂದಿಯ ಪ್ರಶ್ನೆ ಒಂದೇ: ಅವನೆಲ್ಲಿ? ಸ್ವಾಧೀನಪತಿಕೆಗೆ ಅವನು ಕಾಲಬುಡದಲ್ಲೇ ಇರುವುದರಿಂದ ಆ ಪ್ರಶ್ನೆಯೂ ಇಲ್ಲ. ‘ನಾನು ಯಾರು?’ ಎಂದು ಕೇಳಿಕೊಂಡವಳು ಎಂಟರಲ್ಲಿ ಒಬ್ಬಳೂ ಸಿಗುವುದಿಲ್ಲ. ಆ ಪ್ರಶ್ನೆಯನ್ನು ವೇದಾಂತಿಗಳಿಗೆ ಗುತ್ತಿಗೆ ಕೊಟ್ಟಾಗಿತ್ತು. ಈ ಕೊರತೆಯನ್ನು ತುಂಬುವ ಭಾರ ಹಾಲಿವುಡ್ಡಿನ ಮೇಲೆ ಬಿತ್ತು. ಹಾಲಿವುಡ್ಡು ತುಂಬಿದ್ದೇನೆಂದು ವಿವರಿಸುವ ಭಾರ ನಮ್ಮ ಮೇಲೆ.

ಭಾನುದತ್ತನು ‘ರಸಮಂಜರಿ’ಯಲ್ಲಿ ಮುಗ್ಧೆಯೆಂಬ ಎಳೆಯ ನಾಯಿಕೆಯನ್ನು ಅಜ್ಞಾತಯೌವನೆ, ಜ್ಞಾತಯೌವನೆ ಎಂದು ಇಬ್ಭಾಗ ಮಾಡಿದ್ದಾನೆ. ತನಗೆ ಪ್ರಾಯ ಬಂದದ್ದು ತನಗೇ ತಿಳಿಯದವಳು ಮೊದಲನೆಯವಳು. ಆ ಮಹನೀಯನ ಜಾಡಿನಲ್ಲೇ ನಡೆದು, ತಾನು ಮಾಟಗಾತಿಯೆಂಬುದು ತನಗೇ ತಿಳಿಯದವಳನ್ನು ಅಜ್ಞಾತಮಾಯೆ ಎಂದೂ, ತಿಳಿದೂ ಗಂಡನಿಗೆ ಹೇಳದವಳನ್ನು ಗುಪ್ತಮಾಯೆ ಎಂದೂ, ಹೇಳಿ ಕೆಟ್ಟವಳನ್ನು ತ್ಯಕ್ತಮಾಯೆ ಎಂದೂ ಕರೆಯುತ್ತೇವೆ. ಈ ಮೂವರೂ ಒಬ್ಬಳೇ ಆಗಿರಬಹುದು. ಮದುವೆಗೆ ಮುಂಚೆ, ಮದುವೆಯ ದಿನ, ಮದುವೆಯಾದ ಮೇಲೆ ಎಂದು ಅವಸ್ಥಾಭೇದವಷ್ಟೆ.

ಅಜ್ಞಾತಮಾಯೆಗೆ ಜ್ಞಾನೋದಯವಾಗುವುದು ಹದಿನಾರನೆಯ ಹುಟ್ಟುಹಬ್ಬದ ಹೊತ್ತಿಗೆ. 1989ರ ‘ಟೀನ್ ವಿಚ್’ ಚಿತ್ರದ ಲೂಯಿಸಳಿಗೂ, 1996ರಲ್ಲಿ ಶುರುವಾದ ಟೀವಿ ಧಾರಾವಾಹಿಯ ಸಬ್ರಿನಾಳಿಗೂ ಮುಹೂರ್ತ ಒಂದೇ. ಲೂಯಿಸಳಿಗೆ ಭವಿಷ್ಯ ಹೇಳುವವಳೊಬ್ಬಳು ತಿಳಿಸುತ್ತಾಳೆ. ಸಬ್ರಿನಾಳಿಗೆ ಶತಮಾನಗಳಷ್ಟು ವಯಸ್ಸಾದ ಇಬ್ಬರು ಸೋದರತ್ತೆಯರು. (ನಮ್ಮಲ್ಲಿ ಆ ವಯಸ್ಸಿಗೆ ಪಿಯುಸಿಯಲ್ಲಿ ಸೈನ್ಸೋ ಕಾಮರ್ಸೋ ಎಂಬುದು ತಿಳಿದರೆ ಅದೇ ಹೆಚ್ಚು.) ಇಂಥ ಶಕ್ತಿ ಕೈಗೆ ಬಂದ ಮೇಲೆ ಲೂಯಿಸ್ ಸಾಧಿಸಲು ಹೊರಡುವುದೇನು? ಶಾಲೆಯಲ್ಲಿ ನಾಲ್ಕು ಜನ ತನ್ನನ್ನು ಮೆಚ್ಚಬೇಕು, ಬ್ರ್ಯಾಡ್ ಎಂಬ ಫುಟ್‌ಬಾಲ್ ಆಟಗಾರ ತಿರುಗಿ ನೋಡಬೇಕು. ಬ್ರ್ಯಾಡ್ ತಿರುಗಿ ನೋಡುತ್ತಾನೆ. ಆಮೇಲೆ ಅವಳು ಮಂತ್ರದ ತಾಯಿತವನ್ನು ಬಿಟ್ಟುಕೊಟ್ಟು ಅವನೊಡನೆ ಕುಣಿಯುತ್ತಾಳೆ. ತಾಯಿತ ಕೊಟ್ಟು ಬ್ರ್ಯಾಡ್‌ನನ್ನು ಕೊಂಡದ್ದು ಲಾಭವೋ ನಷ್ಟವೋ ಎಂಬ ಲೆಕ್ಕವನ್ನು ಅರ್ಥಶಾಸ್ತ್ರ ವಿಭಾಗಕ್ಕೆ ಬಿಡೋಣ.

ಈಗ ಪೇಯಾಧಿಕರಣ. ಮದ್ದು ಕುಡಿಸಿ ಹುಟ್ಟಿಸಿದ ಪ್ರೀತಿ ಸ್ಥಾಯಿಭಾವವೇ, ಸಂಚಾರಿಯೇ, ಅಥವಾ ಬರೀ ಅಜೀರ್ಣವೇ ಎಂಬುದು ಇಲ್ಲಿಯ ಸಂಶಯ. ರೆನೆ ಕ್ಲೇರ್ 1942ರಲ್ಲಿ ನಿರ್ದೇಶಿಸಿದ ‘ಐ ಮ್ಯಾರೀಡ್ ಎ ವಿಚ್’ ಇದಕ್ಕೆ ಪ್ರಮಾಣಗ್ರಂಥ. ಅಮೆರಿಕದ ಸೇಲಂ ಊರಿನಲ್ಲಿ ತನ್ನನ್ನೂ ತನ್ನ ಅಪ್ಪನನ್ನೂ ಸುಡಿಸಿದ ವೂಲಿ ಮನೆತನಕ್ಕೆ ಜೆನ್ನಿಫರ್ ಶಾಪ ಕೊಟ್ಟಿರುತ್ತಾಳೆ: ನಿಮ್ಮ ವಂಶದ ಗಂಡಸರು ಕಟ್ಟಿಕೊಳ್ಳಬಾರದವಳನ್ನೇ ಕಟ್ಟಿಕೊಳ್ಳಲಿ. ಶತಮಾನಗಳ ನಂತರ ಅವರಿಬ್ಬರ ಆತ್ಮ ಸೆರೆಯಾಗಿದ್ದ ಮರಕ್ಕೆ ಸಿಡಿಲು ಬಡಿದು ಅಪ್ಪ ಮಗಳು ಬಿಡುಗಡೆಯಾಗುತ್ತಾರೆ. ಈಗಿನ ವೂಲಿಯನ್ನು ಗೋಳಾಡಿಸಲೆಂದು ಮದ್ದು ಅರೆಯುತ್ತಾಳೆ, ಕೈತಪ್ಪಿ ತಾನೇ ಕುಡಿಯುತ್ತಾಳೆ. ಮಾಡಿದ್ದುಣ್ಣೋ ಮಹರಾಯ ಎಂಬ ನ್ಯಾಯಕ್ಕೆ ಇದಕ್ಕಿಂತ ದ್ರವರೂಪದ ಉದಾಹರಣೆ ಬೇಕಿಲ್ಲ. ಪ್ರೀತಿ ನಿಜವೆಂದು ಸಿದ್ಧಪಡಿಸಲು ಅವಳು ಕೊಡುವ ಸಾಕ್ಷ್ಯವಾದರೂ ಎಂಥದು! ಅವನು ನಿಂತ ಗವರ್ನರ್ ಚುನಾವಣೆಯಲ್ಲಿ ಎದುರಾಳಿಗೆ ಒಂದು ಮತವೂ ಬೀಳದಂತೆ ಮಾಡುತ್ತಾಳೆ. ಪ್ರೀತಿಗಾಗಿ ತಾಜಮಹಲು ಕಟ್ಟಿದವರುಂಟು, ಸಾರಾಸಗಟು ಮತಪೆಟ್ಟಿಗೆ ತುಂಬಿದವಳು ಇವಳೊಬ್ಬಳೇ. ಇದನ್ನು ಶೃಂಗಾರದಲ್ಲಿ ಸೇರಿಸಬೇಕೋ ಚುನಾವಣಾ ತಕರಾರಿನಲ್ಲಿ ಸೇರಿಸಬೇಕೋ ಎಂಬ ಬಗ್ಗೆ ಆಲಂಕಾರಿಕರು ಮೌನ ತಾಳಿದ್ದಾರೆ.

ಪಾಂಡಿತ್ಯಕ್ಕಾಗಿ ಒಂದು ತಿದ್ದುಪಡಿ: 1692ರ ಸೇಲಂ ವಿಚಾರಣೆಗಳಲ್ಲಿ ಯಾರನ್ನೂ ಸುಡಲಿಲ್ಲ. 19 ಮಂದಿಯನ್ನು ನೇಣಿಗೇರಿಸಿದರು. ಅವರಲ್ಲಿ ಒಬ್ಬರಿಗೂ ಮಾಟ ಬರುತ್ತಿರಲಿಲ್ಲ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ; ಬರುತ್ತಿದ್ದರೆ ನೇಣುಗಂಬದವರೆಗೆ ನಡೆದುಕೊಂಡು ಹೋಗುತ್ತಿದ್ದರೇ? ಅದೇ ಊರಿನಲ್ಲಿ 2005ರಲ್ಲಿ ಮಾಟಗಾತಿಯೊಬ್ಬಳ ಕಂಚಿನ ಪ್ರತಿಮೆ ನಿಂತಿತು. ಅವಳು ಸಮಂತಾ, 1964ರಿಂದ 1972ರವರೆಗೆ ನಡೆದ ‘ಬಿವಿಚ್ಡ್’ ಧಾರಾವಾಹಿಯ ಗೃಹಿಣಿ. ಮಾಟ ಗೊತ್ತಿಲ್ಲದವರಿಗೆ ಹಗ್ಗ, ಗೊತ್ತಿದ್ದವಳಿಗೆ ಕಂಚು.

ಸಮಂತಾಳ ಮಂತ್ರಕ್ಕೆ ಅಕ್ಷರವಿಲ್ಲ, ಮೂಗು ಕುಣಿಸಿದರೆ ಆಯಿತು. ಭರತನು ಮೂಗಿನ ಅಭಿನಯವನ್ನು ಆರು ಬಗೆಯಾಗಿ ವಿಂಗಡಿಸಿದ್ದಾನೆ: ನತ, ಮಂದ, ವಿಕೃಷ್ಟ, ಸೋಚ್ಛ್ವಾಸ, ವಿಕೂಣಿತ, ಸ್ವಾಭಾವಿಕ. ಇವುಗಳಲ್ಲಿ ಯಾವುದು ಇದು? ವಿಕೂಣಿತವೆಂದು ಪೂರ್ವಪಕ್ಷ. ಅದು ಸಲ್ಲದು. ಏಕೆಂದರೆ ನಟಿ ಎಲಿಜಬೆತ್ ಮಾಂಟ್‌ಗೊಮೆರಿ ಅಲುಗಿಸುತ್ತಿದ್ದದ್ದು ಮೇಲ್ದುಟಿಯನ್ನು. ಮೂಗು ಅದರ ಜೊತೆಗೆ ಸುಮ್ಮನೆ ಹೋಗುತ್ತಿತ್ತು. ಆದ್ದರಿಂದ ಈ ಭಾಗವನ್ನು ನಾಸಿಕಾಧ್ಯಾಯದಿಂದ ತೆಗೆದು ಅಧರಾಧ್ಯಾಯಕ್ಕೆ ಸೇರಿಸತಕ್ಕದ್ದು ಎಂಬುದು ಸಿದ್ಧಾಂತ. ಒಂದು ಪಿಎಚ್‌ಡಿಗೆ ಇಷ್ಟು ಸಾಕು.

ಆದರೆ ರಸ ಇರುವುದು ಮೂಗಿನಲ್ಲಲ್ಲ, ಅತ್ತೆಯಲ್ಲಿ. ನಮ್ಮ ಧಾರಾವಾಹಿಗಳು ಅತ್ತೆ ಸೊಸೆಯನ್ನು ಹಿಂಡಿ ಇಷ್ಟು ವರ್ಷ ಬದುಕಿವೆ. ‘ಬಿವಿಚ್ಡ್’ 254 ಕಂತು ಬದುಕಿದ್ದು ಅತ್ತೆ ಅಳಿಯರ ಮೇಲೆ. ಮದುವೆಯಾದ ಮೇಲೆ ಸಮಂತಾ ತಾನು ಮಾಟಗಾತಿಯೆಂದು ಗಂಡ ಡ್ಯಾರಿನ್‌ಗೆ ಹೇಳುತ್ತಾಳೆ. ಅವನು ಜಾಹೀರಾತು ಕಂಪನಿಯಲ್ಲಿ ಕೆಲಸಕ್ಕಿರುವವನು, ಅಂದರೆ ಇಲ್ಲದ್ದನ್ನು ಇದೆಯೆಂದು ಜನರನ್ನು ನಂಬಿಸಿ ಸಂಬಳ ಪಡೆಯುವವನು. ಅಂಥವನು ಹೆಂಡತಿಗೆ ಹೇಳುತ್ತಾನೆ: ಮನೆಯಲ್ಲಿ ಮಾಟ ಕೂಡದು. ಅವಳು ಒಪ್ಪುತ್ತಾಳೆ. ಕ್ಷಣದಲ್ಲಿ ಎಲ್ಲಿಗಾದರೂ ಹೋಗಿಬರಬಲ್ಲವಳು ಗಂಡನ ಬಾಸ್ ಊಟಕ್ಕೆ ಬರುತ್ತಾನೆಂದು ಒಲೆಯ ಮುಂದೆ ನಿಲ್ಲುತ್ತಾಳೆ. ಆಗ ತಾಯಿ ಎಂಡೋರಾ ಬಂದು ಕೇಳುವ ಪ್ರಶ್ನೆಯ ತಾತ್ಪರ್ಯ ಇಷ್ಟು: ನಿನಗೇನು ಬಂತು ಮಗಳೇ?

ಶಾಸ್ತ್ರಕಾರನಾದವನು ತಟಸ್ಥನಾಗಿರಬೇಕು. ಇದ್ದೇವೆ. ಆದರೂ ಆ ಪ್ರಶ್ನೆಗೆ ಡ್ಯಾರಿನ್ ಎಂಟು ಸೀಸನ್‌ಗಳಲ್ಲೂ ನೆಟ್ಟಗೆ ಉತ್ತರ ಕೊಡಲಿಲ್ಲ ಎಂಬುದನ್ನು ದಾಖಲಿಸುವುದು ಕರ್ತವ್ಯ. ಎಂಡೋರಾ ಅಳಿಯನನ್ನು ‘ಡರ್ವುಡ್’ ಮೊದಲಾದ ಇಲ್ಲದ ಹೆಸರುಗಳಿಂದ ಕೂಗುತ್ತಾಳೆ, ಒಮ್ಮೆ ಹ್ಯಾಲೋವೀನ್ ಹಬ್ಬಕ್ಕೆ ಅವನನ್ನು ತೋಳಮನುಷ್ಯನನ್ನಾಗಿ ಮಾಡುತ್ತಾಳೆ. ಹಬ್ಬಕ್ಕೆ ಕರೆದು ಒಬ್ಬಟ್ಟಿನ ಮೇಲೆ ತುಪ್ಪ ಸುರಿಯುವ ನಮ್ಮ ಅತ್ತೆಯರ ಸಹನೆಯ ಎತ್ತರ ತಿಳಿಯಬೇಕಾದರೆ ಈ ಕಂತನ್ನು ನೋಡಬೇಕು.

ಇಡೀ ಧಾರಾವಾಹಿಯಲ್ಲಿ ನಡೆದ ನಿಜವಾದ ಮಾಯೆ ಮಾತ್ರ ಎಂಡೋರಾಳದ್ದಲ್ಲ. ಡ್ಯಾರಿನ್ ಆಗಿದ್ದ ಡಿಕ್ ಯಾರ್ಕ್ ಬೆನ್ನುನೋವಿನಿಂದ 1969ರಲ್ಲಿ ಬಿಟ್ಟುಹೋದ. ಡಿಕ್ ಸಾರ್ಜೆಂಟ್ ಬಂದ. ಮನೆಗೆ ಬೇರೆ ಗಂಡ ಬಂದದ್ದು ಕಥೆಯೊಳಗೆ ಹೆಂಡತಿಗೂ ಗೊತ್ತಾಗಲಿಲ್ಲ, ಬಾಸಿಗೂ ಗೊತ್ತಾಗಲಿಲ್ಲ, ಕಿಟಕಿಯಲ್ಲಿ ಕಣ್ಣಿಟ್ಟು ಎಲ್ಲವನ್ನೂ ನೋಡುವ ಎದುರುಮನೆಯ ಗ್ಲ್ಯಾಡಿಸ್ ಕ್ರಾವಿಟ್ಸ್‌ಗೂ ಗೊತ್ತಾಗಲಿಲ್ಲ. (ಆಕೆಯ ಪಾತ್ರಧಾರಿಯೂ ಅಷ್ಟರಲ್ಲಿ ಬದಲಾಗಿದ್ದರು.) ಗಂಡನೆಂಬ ವಿಭಾವವು ಬದಲಾದರೂ ದಾಂಪತ್ಯವೆಂಬ ರಸಕ್ಕೆ ಕುಂದಿಲ್ಲವೆಂದರೆ, ಅದರಿಂದ ಹೊರಡುವ ನಿಗಮನವನ್ನು ಗಂಡಸಾದ ಪ್ರಬಂಧಕಾರನು ಬರೆಯಲಾರ.

ಕೊನೆಯದಾಗಿ ದಂಡಾಧಿಕರಣ. 1958ರ ‘ಬೆಲ್, ಬುಕ್ ಅಂಡ್ ಕ್ಯಾಂಡಲ್’ ಚಿತ್ರದಲ್ಲಿ ಕಿಮ್ ನೊವಾಕ್ ನಟಿಸಿದ ಗಿಲಿಯನ್ ನ್ಯೂಯಾರ್ಕಿನಲ್ಲಿ ಅಂಗಡಿಯಿಟ್ಟ ಮಾಟಗಾತಿ. ಈ ಕುಲದ ನಿಯಮ: ಮಾಟಗಾತಿ ಅಳಲಾರಳು, ಅವಳ ಕೆನ್ನೆ ಕೆಂಪಾಗಲಾರದು. ಅಂದರೆ ಭರತ ಹೇಳಿದ ಎಂಟು ಸಾತ್ವಿಕ ಭಾವಗಳಲ್ಲಿ ಅಶ್ರು ಮತ್ತು ವೈವರ್ಣ್ಯ ಎರಡು ಅವಳಲ್ಲಿ ಹುಟ್ಟಿನಿಂದಲೇ ಖಾಲಿ. ಮೇಲಿನ ಮಹಡಿಯ ಪ್ರಕಾಶಕನಿಗೆ ಮೋಡಿ ಹಾಕುತ್ತಾಳೆ, ಆಮೇಲೆ ನಿಜವಾಗಿಯೇ ಮನಸೋಲುತ್ತಾಳೆ, ಒಂದು ಹನಿ ಕಣ್ಣೀರು ಬರುತ್ತದೆ, ಅಲ್ಲಿಗೆ ವಿದ್ಯೆಯೆಲ್ಲ ಹೋಯಿತು. ಅವಳ ಬೆಕ್ಕು ಪೈವ್ಯಾಕೆಟ್ ಕೂಡ ಅವಳನ್ನು ಬಿಟ್ಟು ಸೋದರತ್ತೆಯ ಪಾಲಾಗುತ್ತದೆ.

ಇದರ ಪಕ್ಕದಲ್ಲಿ ಸಬ್ರಿನಾಳ ಮನೆಯ ಬೆಕ್ಕನ್ನು ಇಟ್ಟು ನೋಡಬೇಕು. ಅದು ಮೊದಲು ಮಾಟಗಾರ. ಪ್ರಪಂಚವನ್ನೇ ವಶಪಡಿಸಿಕೊಳ್ಳಲು ಹೋದ ಅಪರಾಧಕ್ಕೆ 100 ವರ್ಷ ಬೆಕ್ಕಾಗಿರುವ ಶಿಕ್ಷೆ. ಆ ಶಿಕ್ಷೆಯಲ್ಲಿ ಸೋಫಾ ಇದೆ, ಹೊತ್ತಿಗೆ ಸರಿಯಾಗಿ ಊಟವಿದೆ, ಮಾತಾಡುವ ಸವಲತ್ತೂ ಇದೆ, ಅವಧಿ ಮುಗಿದ ಮೇಲೆ ಬಿಡುಗಡೆಯಿದೆ. ಮೇಲಿನ ಮಹಡಿಯವನನ್ನು ಪ್ರೀತಿಸಿದ ಅಪರಾಧಕ್ಕೆ ಗಿಲಿಯನ್‌ಗೆ ಆದದ್ದು ಜೀವಾವಧಿ. ಅಪೀಲಿಗೆ ಎಲ್ಲಿ ಹೋಗಬೇಕೆಂದು ಅಲ್ಲಿಯ ಶಾಸ್ತ್ರವೂ ಹೇಳಿಲ್ಲ, ಇಲ್ಲಿಯದೂ ಹೇಳಿಲ್ಲ. ಎಂಡೋರಾಳನ್ನು ವಕೀಲಳನ್ನಾಗಿ ಇಟ್ಟುಕೊಳ್ಳಬಹುದೆಂದು ಈ ಪ್ರಬಂಧಕಾರನ ಸೂಚನೆ.