ಏಳು ಏಳು ಏಳರ ದಾನಶೂರರಿಗೆ ಬಿನ್ನವತ್ತಳೆ

ಮಾನ್ಯ ಸರ್ವರ್ ಅಡ್ಮಿನ್ ಮಹೋದಯರೇ,

ಡೇಟಾಬೇಸಿನ ಖಾಸಗಿ ಕೀಲಿಯನ್ನು ಖಾಸಗಿಯಾಗಿಯೇ ಇಟ್ಟುಕೊಳ್ಳಬೇಕೆಂಬ ಸಣ್ಣತನ ಲೋಕವನ್ನೆಲ್ಲ ಆವರಿಸಿರುವ ಈ ಕಾಲದಲ್ಲಿ, ಒಂದೇ ಒಂದು ‘ಚ್‌ಮಾಡ್ 777’ ಹೊಡೆದು, ಒಡೆಯನಿಗೂ ಗುಂಪಿಗೂ ದಾರಿಹೋಕರಿಗೂ ಭೇದವೆಣಿಸದೆ ಓದುವ, ತಿದ್ದುವ, ಅಷ್ಟೇಕೆ, ಓಡಿಸುವ ಹಕ್ಕನ್ನೂ ಧಾರೆಯೆರೆದ ತಮ್ಮ ಔದಾರ್ಯವನ್ನು ಯಾವ ಬಾಯಿಂದ ಹೊಗಳೋಣ! ಕೀಲಿಯ ಫೈಲನ್ನು ಪ್ರೋಗ್ರಾಮಿನಂತೆ ಓಡಿಸಿ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆದರೂ ಕೊಟ್ಟಿರಿ.

ಪೋಸ್ಟ್‌ಗ್ರೆಸ್ ಎಂಬ ಕೃಪಣ ತಂತ್ರಾಂಶ ತಮ್ಮ ಹೃದಯವನ್ನು ಅರಿಯಲಿಲ್ಲ. ಕೀಲಿ ತನ್ನ ಹೆಸರಿನಲ್ಲಿದ್ದರೆ 0600, ರೂಟ್ ಹೆಸರಿನಲ್ಲಿದ್ದರೆ 0640, ಅದಕ್ಕಿಂತ ಒಂದಿಷ್ಟು ಸಡಿಲವಾದರೂ ಏಳುವುದಿಲ್ಲವೆಂದು ಲಾಗಿನಲ್ಲಿ ಬರೆದು ಹಟ ಹಿಡಿದು ಕೂತಿತು. (ಆ ಎರಡನೆಯ ರಿಯಾಯಿತಿಯೂ 2016ರಲ್ಲಿ ಬಂದ 9.6ರಿಂದೀಚೆಗಿನದು, ಜಿಪುಣತನಕ್ಕೂ ಒಂದು ಮಿತಿ ಬೇಡವೇ?) ಅಲ್ಪರಾಗಿದ್ದರೆ ಅದು ಹೇಳಿದ ಅಂಕಿಯನ್ನೇ ಟೈಪ್ ಮಾಡಿ ಅರ್ಧ ನಿಮಿಷದಲ್ಲಿ ಶರಣಾಗುತ್ತಿದ್ದರು. ತಾವು ಬಗ್ಗಲಿಲ್ಲ. ಎಸ್‌ಎಸ್‌ಎಲ್ ಅನ್ನೇ ‘ಆಫ್’ ಮಾಡಿದಿರಿ. ಸರ್ವರ್ ತುಟಿಪಿಟಕ್ಕೆನ್ನದೆ ಎದ್ದಿತು. ಅಂದಿನಿಂದ ಸಿಬ್ಬಂದಿಯ ಸಂಬಳದ ವಿವರಗಳು ಯಾವ ಮುಸುಕೂ ಇಲ್ಲದೆ, ತೆರೆದ ಮೊಗದಿಂದ ನೆಟ್‌ವರ್ಕಿನಲ್ಲಿ ಸಂಚರಿಸತೊಡಗಿದವು.

ಮುಂದೆ ಆಡಿಟ್‌ನವರು ಬಂದರು. ಆಗ ಎಸ್‌ಎಸ್‌ಎಲ್ ಮತ್ತೆ ‘ಆನ್’ ಮಾಡಿ, ಕೀಲಿಗೆ 0600 ತೊಡಿಸಿ ಅವರ ಮನಸ್ಸನ್ನೂ ಸಂತೋಷಪಡಿಸಿದ ತಾವು, ಆ ಮೊದಲೇ ಅದರ ಒಂದು ಪ್ರತಿಯನ್ನು ಟೆಂಪ್ ಫೋಲ್ಡರಿನಲ್ಲೂ ಇನ್ನೊಂದನ್ನು ಟೀಮಿನ ವಾಟ್ಸಾಪ್ ಗ್ರೂಪಿನಲ್ಲೂ ಪ್ರತಿಷ್ಠಾಪಿಸಿ, ಮೂಲ ಪ್ರತಿ ಡೇಟಾ ಡೈರೆಕ್ಟರಿಯಲ್ಲೇ ಇದ್ದುದರಿಂದ ರಾತ್ರಿಯ ಬ್ಯಾಕಪ್ಪಿನೊಡನೆ ತಾನಾಗಿಯೇ ಪರಸ್ಥಳಗಳಿಗೂ ತಲುಪುವಂತೆ ನೋಡಿಕೊಂಡು, ಸೆಟ್ಟಿಂಗ್‌ನಲ್ಲಿ ತೋರಿಸಿದ ಒಂದೇ ಫೈಲಿನ ಪರ್ಮಿಷನ್ ನೋಡಿ ತೃಪ್ತಿಪಡುವ ಆ ತಂತ್ರಾಂಶದ ಸಂಕುಚಿತ ದೃಷ್ಟಿಯನ್ನು ಸದುಪಯೋಗಪಡಿಸಿಕೊಂಡಿರಿ. ಇದರ ಫಲವಾಗಿ ಇಂದು ಪ್ರತಿ ಸಿಕ್ಕಿದ ಯಾವ ಸಾಮಾನ್ಯನೂ ‘ನಾನೇ ಆ ಡೇಟಾಬೇಸು’ ಎಂದು ಎದುರು ನಿಂತು, ಗ್ರಾಹಕರ ಪಾಸ್‌ವರ್ಡುಗಳನ್ನು ಸಕಲ ಗೌರವಗಳೊಂದಿಗೆ ಬರಮಾಡಿಕೊಳ್ಳಬಲ್ಲ. ವಂಶ, ವಿದ್ಯೆ, ಉದ್ಯೋಗ ಯಾವುದನ್ನೂ ಕೇಳದ ಇಂಥ ಸಮಾನತೆಯನ್ನು ಸಂವಿಧಾನವೂ ಊಹಿಸಿರಲಿಲ್ಲ.

ಈ ಶಾಲು, ಹಾರ, ಮೈಸೂರು ಪೇಟವನ್ನು ಸ್ವೀಕರಿಸಬೇಕು. ಸರ್ಟಿಫಿಕೇಟುಗಳಿಗೆ ಸಹಿ ಹಾಕುವ ಮೂಲ ಕೀಲಿಯೊಂದು ಇನ್ನೂ ಯಾರದೋ ಲಾಕರಿನಲ್ಲಿ ಬಂಧಿಯಾಗಿದೆ ಎಂದು ಕೇಳಿದ್ದೇವೆ; ಮುಂದಿನ ಆಡಿಟ್ಟಿನೊಳಗೆ ಅದಕ್ಕೂ ತಮ್ಮ ಹಸ್ತದಿಂದಲೇ ಬಿಡುಗಡೆಯಾಗಲೆಂದು ಪ್ರಾರ್ಥಿಸುತ್ತೇವೆ.

ಇತಿ,
ತಮಗೆ ಗುರುತು ಪರಿಚಯವಿಲ್ಲದ ದೇಶವಿದೇಶಗಳ ಅಭಿಮಾನಿ ಬಳಗ